ಬಚ್ಚಲಿಗೂ ಅಟ್ಟಕ್ಕೂ ದಾರದ ಸ್ವಿಚ್ಚು: ಕೊಳ್ಳುವುದು, ಹಾಕುವುದು, ಕೆಟ್ಟರೆ ಬಿಚ್ಚುವುದು

ಪುಷ್ಯ ಮಳೆ ಹಿಡಿಯಿತೆಂದರೆ ನಮ್ಮ ಕಡೆ ಮಣ್ಣಿನ ಗೋಡೆಗಳು ಹಿಂಡದೆ ಬಿಟ್ಟ ಬಟ್ಟೆಯ ಹಾಗಾಗುತ್ತವೆ. ಸಕಲೇಶಪುರದಿಂದ ಹಾನುಬಾಳಿನ ಮೇಲೆ ಮೂಡಿಗೆರೆಯವರೆಗೂ ಹಳೇ ಹೆಂಚಿನ ಮನೆಗಳಲ್ಲಿ ಇದೇ ಕತೆ. ಸ್ವಿಚ್‌ಬೋರ್ಡಿನ ಸ್ಕ್ರೂ ತಗುಲಿದರೆ ಬೆರಳು ಜುಮ್ ಎನ್ನುತ್ತದೆ. ಒಬ್ಬರು ಟವೆಲ್ ಸುತ್ತಿಕೊಂಡು ಒತ್ತುತ್ತಾರೆ, ಇನ್ನೊಬ್ಬರು ರಬ್ಬರ್ ಚಪ್ಪಲಿ ಹುಡುಕುತ್ತಾರೆ. ನಮ್ಮ ಬಚ್ಚಲಿನಲ್ಲಿ ಸ್ವಿಚ್ ಒತ್ತುವುದಕ್ಕೆಂದೇ ಒಂದು ಒಣಗಿದ ಕಾಫಿ ಕಡ್ಡಿ ಕಿಟಕಿಯ ಮೇಲೆ ಇರುತ್ತಿತ್ತು. ಮನೆಗೆ ಬಂದ ನೆಂಟರಿಗೆ ಸೋಪು, ಟವೆಲ್ಲಿನ ಜೊತೆ ಆ ಕಡ್ಡಿಯನ್ನೂ ತೋರಿಸುವುದು ವಾಡಿಕೆಯಾಗಿತ್ತು.

ಆ ಕಡ್ಡಿ ಮಾಡುತ್ತಿದ್ದ ಕೆಲಸ ಇಷ್ಟೇ: ಕೈಗೂ ಕರೆಂಟಿಗೂ ನಡುವೆ ಒಂದು ಮೊಳ ದೂರ ಇಡುವುದು. ಅದೇ ಕೆಲಸವನ್ನು ನೆಟ್ಟಗೆ ಮಾಡುವ ಸ್ವಿಚ್ಚು ನೂರು ವರ್ಷಕ್ಕೂ ಹಿಂದಿನಿಂದ ಇದೆ. ಸ್ವಿಚ್ಚು ಸೂರಿನ ಹತ್ತಿರ ಒಣಗಿದ ಜಾಗದಲ್ಲಿ ಕೂರುತ್ತದೆ, ಕೆಳಗೆ ಬರುವುದು ಬರೀ ದಾರ. ಎಳೆದರೆ ಟಿಕ್, ದೀಪ ಹತ್ತಿತು. ಮತ್ತೆ ಎಳೆದರೆ ಟಿಕ್, ಆರಿತು. ಗೋಡೆಗೆ ಹಾಕುವ ಫ್ಯಾನಿನಲ್ಲಿ ಸ್ಪೀಡಿಗೊಂದು, ತಿರುಗುವುದಕ್ಕೊಂದು ದಾರ ಜೋತಾಡುವುದನ್ನು ಬ್ಯಾಂಕಿನಲ್ಲೋ ಹೋಟೆಲಿನಲ್ಲೋ ಎಲ್ಲರೂ ನೋಡಿರುತ್ತೀರಿ. ಅದನ್ನೇ ದೀಪಕ್ಕೆ ಹಾಕುವ ವಿಷಯ ಇದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಗೋಡೆ ಜುಮ್ ಎನ್ನುತ್ತಿದ್ದರೆ ಅದು ಮಳೆಗಾಲದ ಗುಣ ಅಲ್ಲ, ವೈರಿಂಗಿನ ರೋಗ. ಎಲ್ಲೋ ಫೇಸ್ ಸೋರುತ್ತಿದೆ, ಅರ್ತಿಂಗ್ ಸತ್ತಿದೆ. ದಾರದ ಸ್ವಿಚ್ಚು ಅದಕ್ಕೆ ಔಷಧ ಅಲ್ಲ. ಮೊದಲು ಪರವಾನಗಿ ಇರುವ ವೈರ್‌ಮನ್ ಕರೆಸಿ ಸೋರಿಕೆ ಹುಡುಕಿಸಿ, ಅರ್ತ್ ಸರಿ ಮಾಡಿಸಿ, ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನಾಗಿ ಲೈನ್ ಕಡಿಯುವ ಸ್ವಿಚ್ಚು) ಹಾಕಿಸಿ. ಆಮೇಲೆ ದಾರದ ಮಾತು. ನಾವು ಇದನ್ನು ತಿರುಗುಮುರುಗು ಮಾಡಿದ್ದೆವು: ದಾರದ ಸ್ವಿಚ್ಚು ಹಾಕಿ ಒಂದು ವರ್ಷ ಕಳೆದ ಮೇಲೆ ಗೋಡೆಯೊಳಗಿನ ಸುಟ್ಟ ಜಾಯಿಂಟ್ ಸಿಕ್ಕಿತು. ಆ ವರ್ಷವೆಲ್ಲ ಯಾರಿಗೂ ಏನೂ ಆಗದೇ ಹೋದದ್ದು ಅದೃಷ್ಟ.

ಒಳಗೆ ಇರುವುದು ಏನು

ಹಾಕುವ ಮೊದಲು ಇದರ ಹೊಟ್ಟೆಯೊಳಗೆ ಏನಿದೆ ಅಂತ ತಿಳಿದರೆ ಆಮೇಲಿನ ಅರ್ಧ ತಪ್ಪುಗಳು ಆಗುವುದಿಲ್ಲ. ಕೆಟ್ಟದ್ದೊಂದು ಸಿಕ್ಕರೆ ಬಿಚ್ಚಿಯೇ ನೋಡಿ. ನಾನು ಮೊದಲು ಬಿಚ್ಚಿದ್ದರಲ್ಲಿ ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಪ್ಲಾಸ್ಟಿಕ್ ಚಕ್ರ, ಅದರ ಒಂದು ಮಗ್ಗುಲಿಗೆ ಎಂಟು ಗರಗಸದ ಹಲ್ಲು, ಇನ್ನೊಂದು ಮಗ್ಗುಲಿಗೆ ನಾಲ್ಕು ದಿಣ್ಣೆ, ನಾಲ್ಕು ತಗ್ಗು. ದಾರ ಎಳೆದಾಗ ಒಂದು ಕೊಕ್ಕೆ ಹಲ್ಲಿಗೆ ಸಿಕ್ಕಿ ಚಕ್ರವನ್ನು ಒಂದೇ ಒಂದು ಹಲ್ಲಿನಷ್ಟು ತಿರುಗಿಸುತ್ತದೆ. ದಾರ ಬಿಟ್ಟಾಗ ಸ್ಪ್ರಿಂಗು ಕೊಕ್ಕೆಯನ್ನು ವಾಪಸು ಎಳೆದುಕೊಳ್ಳುತ್ತದೆ. ವಾಪಸು ಬರುವಾಗ ಕೊಕ್ಕೆ ಹಲ್ಲಿನ ಇಳಿಜಾರಿನ ಮೇಲೆ ಜಾರಿಕೊಂಡು ಬರುವುದರಿಂದ ಚಕ್ರ ಹಿಂದಕ್ಕೆ ತಿರುಗುವುದಿಲ್ಲ. ಹಿತ್ತಾಳೆಯ ಪಟ್ಟಿ ದಿಣ್ಣೆಯ ಮೇಲೆ ಕೂತರೆ ಆನ್, ತಗ್ಗಿಗೆ ಇಳಿದರೆ ಆಫ್. ಎಂಟು ಎಳೆತಕ್ಕೆ ಚಕ್ರ ಒಂದು ಸುತ್ತು, ನಾಲ್ಕು ಸಲ ಬೆಳಕು, ನಾಲ್ಕು ಸಲ ಕತ್ತಲೆ. ಟಿಕ್ ಅಂತ ಒತ್ತಿ ಬರೆಯುವ ಬಾಲ್‌ಪೆನ್ನಿನ ತಲೆಯಲ್ಲಿರುವುದೂ ಇದೇ ಜಾತಿಯ ಯುಕ್ತಿ.

ಕಂಪನಿಯಿಂದ ಕಂಪನಿಗೆ ಹಲ್ಲಿನ ಲೆಕ್ಕ ಬದಲಾಗುತ್ತದೆ, ತತ್ವ ಅದೇ. ಮೂರು ಸ್ಪೀಡಿನ ಫ್ಯಾನಿನ ಸ್ವಿಚ್ಚಿನಲ್ಲಿ ಆಫ್, ಒಂದು, ಎರಡು, ಮೂರು ಅಂತ ನಾಲ್ಕು ನಿಲ್ದಾಣ ಇರುತ್ತವೆ. ಅಂಗಡಿಯವರು ಅದನ್ನೇ ದೀಪಕ್ಕೂ ಆಗುತ್ತದೆ ಅಂತ ಕೊಟ್ಟರೆ, ಒಂದು ಸಲ ಹತ್ತಿದ ದೀಪ ಮತ್ತೆ ಹತ್ತಲು ನಾಲ್ಕು ಸಲ ಎಳೆಯಬೇಕಾಗುತ್ತದೆ.

ಟಿಕ್ ಎನ್ನುವ ಆ ಸದ್ದನ್ನು ಸದ್ದೆಂದು ಮಾತ್ರ ನೋಡಬೇಡಿ. ಎರಡು ತುಂಡು ಲೋಹ ನಿಧಾನಕ್ಕೆ ಬೇರೆಯಾದರೆ ನಡುವಿನ ಗಾಳಿಯಲ್ಲಿ ಕರೆಂಟು ಕಿಡಿಯಾಗಿ ಎಳೆದುಕೊಂಡು ಹೋಗುತ್ತದೆ, ಲೋಹ ಕರಗುತ್ತದೆ. ತಟ್ಟನೆ ಬೇರೆಯಾದರೆ ಕಿಡಿಗೆ ಹೊತ್ತೇ ಸಿಗುವುದಿಲ್ಲ. ಸ್ಪ್ರಿಂಗಿನಿಂದ ತಟ್ಟನೆ ಬಿಡಿಸುವ ಸ್ವಿಚ್ಚನ್ನು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾನ್ ಹೆನ್ರಿ ಹೋಮ್ಸ್ 1884ರಲ್ಲಿ ಮಾಡಿದ. ಮನೆಗಳಿಗೆ ಡಿ.ಸಿ., ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು ಬರುತ್ತಿದ್ದ ಕಾಲ ಅದು, ಡಿ.ಸಿ. ಕಿಡಿ ತಾನಾಗಿ ಆರುವುದಿಲ್ಲ. ಈಗಿನ ನಮ್ಮ 50 ಹರ್ಟ್ಸಿನ ಎ.ಸಿ. ದಿಕ್ಕು ಬದಲಿಸುತ್ತಾ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುವುದರಿಂದ ಕಿಡಿ ಬೇಗ ಸಾಯುತ್ತದೆ. ಆದರೂ ದಾರವನ್ನು ಅನುಮಾನ ಪಟ್ಟುಕೊಂಡು ಮೆಲ್ಲಗೆ ಎಳೆಯುವವರ ಮನೆಯಲ್ಲಿ ಸ್ವಿಚ್ಚು ಬೇಗ ಸುಡುತ್ತದೆ. ಒಂದೇ ಸಲ, ನೇರ, ಚುರುಕಾಗಿ ಎಳೆದು ಬಿಡಬೇಕು.

ಸರಪಳಿಯ ಸ್ವಿಚ್ಚಿಗೆ ಪೇಟೆಂಟ್ ಪಡೆದವನು ಅಮೆರಿಕದ ಬ್ರಿಜ್‌ಪೋರ್ಟ್ ಊರಿನ ಹಾರ್ವಿ ಹಬ್ಬಲ್, 1896ರಲ್ಲಿ. ಆಗ ಬಲ್ಬಿನ ಹೋಲ್ಡರಿಗೇ ಒಂದು ಸಣ್ಣ ಕಿವಿ ಇರುತ್ತಿತ್ತು, ಅದನ್ನು ತಿರುಗಿಸಿದರೆ ದೀಪ ಹತ್ತುತ್ತಿತ್ತು. ಕತ್ತಲಲ್ಲಿ ಕೋಣೆಯ ನಡುವೆ ಕೈ ಎತ್ತಿಕೊಂಡು ಬಲ್ಬನ್ನು ತಡಕುವ ಪಾಡನ್ನು ನೆನೆಸಿಕೊಳ್ಳಿ. ಗೋಡೆಯುದ್ದಕ್ಕೂ ವೈರ್ ಇಳಿಸಿ ಸ್ವಿಚ್ಚು ಕೂರಿಸುವುದು ಖರ್ಚಿನ ಬಾಬ್ತು. ಹಬ್ಬಲ್ ಹೋಲ್ಡರಿನಿಂದ ಸರಪಳಿ ಇಳಿಬಿಟ್ಟ, ಅಲ್ಲಿಗೆ ಗೋಡೆಯ ವೈರೇ ಬೇಡವಾಯಿತು. ನಮಗೂ ಈ ಲೆಕ್ಕ ಹೊಂದುತ್ತದೆ. ಎರಡಡಿ ದಪ್ಪದ ಮಣ್ಣಿನ ಗೋಡೆಯನ್ನು ಪೈಪಿಗೋಸ್ಕರ ಕೊರೆದು ಮತ್ತೆ ಮೆತ್ತಿದರೆ ಆ ಗೀರು ಮುಂದಿನ ಮಳೆಗೇ ಬಾಯಿ ಬಿಡುತ್ತದೆ. ವೈರಿಂಗ್ ತೊಲೆ ಜಂತೆಯ ಮೇಲೇ ಉಳಿದು ದಾರ ಮಾತ್ರ ಇಳಿದರೆ ಗೋಡೆಗೆ ಉಳಿ ತಾಗಿಸುವ ಕೆಲಸವೇ ಇಲ್ಲ.

ಎಲ್ಲಿಗೆ ಹಾಕಬೇಕು

ಬಚ್ಚಲು ಮನೆ ಮೊದಲು. ಒದ್ದೆ ಕೈ, ಒದ್ದೆ ನೆಲ, ಒದ್ದೆ ಗೋಡೆ ಮೂರೂ ಒಟ್ಟಿಗಿರುವ ಜಾಗ. ಇಂಗ್ಲೆಂಡಿನ ಬಚ್ಚಲುಗಳಲ್ಲಿ ಇವತ್ತಿಗೂ ಈ ಜಾತಿಯ ಸ್ವಿಚ್ಚೇ ಹೆಚ್ಚು ಕಾಣುವುದು ಇದೇ ಕಾರಣಕ್ಕೆ. ನಮ್ಮ ಬಚ್ಚಲಿನಲ್ಲಿ ಅವರಿಗಿಲ್ಲದ ಇನ್ನೊಂದು ತೊಡಕಿದೆ: ಹಂಡೆ ಒಲೆ. ಸೌದೆ ಹೊಗೆಯ ಮಸಿ ಎಂದರೆ ಇಂಗಾಲ. ಆವಿಯ ತೇವ ಸೇರಿದ ಮಸಿ ಸ್ವಿಚ್ಚಿನ ಮೈಮೇಲೆ ಕೂತರೆ ಕರೆಂಟಿಗೆ ಅದೇ ಕಾಲುದಾರಿ. ಆದ್ದರಿಂದ ಒಲೆಯ ನೆತ್ತಿಯ ಮೇಲೆ ಸ್ವಿಚ್ಚು ಬೇಡ. ಬಾಗಿಲ ಕಡೆಗೆ, ಸ್ನಾನದ ನೀರು ಎರಚದ ಮೂಲೆಗೆ, ಆದಷ್ಟು ಎತ್ತರಕ್ಕೆ ಹಾಕಿ. ಬಚ್ಚಲಿನ ಹೊರಗೇ ಸ್ವಿಚ್ಚು ಕೂರಿಸಿ, ಗೋಡೆಯ ಮೇಲಂಚಿನ ಸಂದಿಯಿಂದ ದಾರವನ್ನಷ್ಟೇ ಒಳಗೆ ಬಿಡುವ ಅನುಕೂಲ ಇದ್ದರೆ ಇನ್ನೂ ಒಳ್ಳೆಯದು. ಹೆಂಚಿನ ಮನೆಗಳಲ್ಲಿ ಆ ಸಂದಿ ಹೇಗೂ ಇರುತ್ತದೆ.

ಅಟ್ಟಕ್ಕೆ ಇದರಷ್ಟು ಒಗ್ಗುವುದು ಬೇರೆ ಇಲ್ಲ. ಒಂದು ಕೈಯಲ್ಲಿ ಏಣಿ, ಇನ್ನೊಂದು ಕೈಯಲ್ಲಿ ಮೆಣಸಿನ ಚೀಲ. ಬೋರ್ಡು ತಡಕಲು ಮೂರನೇ ಕೈ ಇಲ್ಲ. ಏಣಿಯ ಮೊದಲ ಮೆಟ್ಟಿಲ ಹತ್ತಿರ ದಾರ ಬಂದರೆ ಮೊಣಕೈಯಲ್ಲೂ ಎಳೆಯಬಹುದು. ಕೊಟ್ಟಿಗೆ, ಸೌದೆ ಮನೆ, ಕಾಫಿ ಗೋಡೌನು ಇವಕ್ಕೂ ಸರಿ.

ಹಾಸಿಗೆಯ ಪಕ್ಕದ ಮಾತು ಸ್ವಲ್ಪ ಬೇರೆ. ಹಳೇ ಮನೆಗಳಲ್ಲಿ ಪೇರಲೆ ಹಣ್ಣಿನ ಆಕಾರದ ಬೆಡ್ ಸ್ವಿಚ್ಚು ವೈರಿನ ತುದಿಗೆ ಜೋತಾಡುತ್ತಿರುತ್ತದೆ. ಅದೂ ದಾರದ ಸ್ವಿಚ್ಚೂ ದೂರದಿಂದ ಒಂದೇ ಥರ ಕಂಡರೂ ಗುಣ ತದ್ವಿರುದ್ಧ. ಬೆಡ್ ಸ್ವಿಚ್ಚಿನಲ್ಲಿ 230 ವೋಲ್ಟು ದಿಂಬಿನವರೆಗೂ ಇಳಿದು ಬಂದಿರುತ್ತದೆ. ವೈರು ದಿನಾ ತಿರುಚಿ ತಿರುಚಿ ಒಳಗಿನ ಎಳೆ ಮುರಿದು, ಮೇಲಿನ ಸಿಪ್ಪೆ ಬಿರಿದು, ನಿದ್ದೆಗಣ್ಣಿನ ಕೈಗೆ ಸಿಗುತ್ತದೆ. ಅದನ್ನು ಕಿತ್ತು ಸೂರಿಗೆ ಒಂದು ಟೂ-ವೇ ದಾರದ ಸ್ವಿಚ್ಚು ಹಾಕಿಸಿ. ಬಾಗಿಲಲ್ಲಿ ಹತ್ತಿಸಿ ಹಾಸಿಗೆಯಲ್ಲಿ ಆರಿಸಬಹುದು. ತೊಟ್ಟಿಲೋ ಚಿಕ್ಕ ಮಕ್ಕಳ ಹಾಸಿಗೆಯೋ ಇರುವ ಕಡೆ ಮಾತ್ರ ಯಾವ ದಾರವೂ ಬೇಡ, ಕುತ್ತಿಗೆಗೆ ಸುತ್ತಿಕೊಳ್ಳುವ ಭಯ. ಬೇರೆ ಕಡೆಗಳಲ್ಲೂ ದಾರ ಒಂಟಿ ಎಳೆಯಾಗಿರಲಿ, ಕುಣಿಕೆಯ ಹಾಗೆ ಎರಡು ಮಡಿಕೆ ಬಿಡಬೇಡಿ.

ಗೀಸರಿಗೆ, ನೀರೆತ್ತುವ ಮೋಟರಿಗೆ ಸಾಮಾನ್ಯ ದಾರದ ಸ್ವಿಚ್ಚು ಆಗುವುದಿಲ್ಲ. 2000 ವ್ಯಾಟಿನ ಗೀಸರು 230 ವೋಲ್ಟಿಗೆ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ದೀಪದ ಸ್ವಿಚ್ಚು ಅದರ ಮುಂದೆ ಕಡ್ಡಿಪೆಟ್ಟಿಗೆ.

ಅಂಗಡಿಯಲ್ಲಿ ಏನು ನೋಡಬೇಕು

ಹಾಸನದ ದೊಡ್ಡ ಎಲೆಕ್ಟ್ರಿಕಲ್ ಅಂಗಡಿಗಳಲ್ಲೂ ಸೂರಿಗೆ ಹಾಕುವ ದಾರದ ಸ್ವಿಚ್ಚು ಕೇಳಿದರೆ ಒಂದು ಸಲ ಮುಖ ನೋಡುತ್ತಾರೆ. ‘ಫ್ಯಾನಿಂದಾ?’ ಅನ್ನುತ್ತಾರೆ. ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತದೆ. ಮೂರು ಜಾತಿ ಇವೆ. ಒಂದು, ಸೂರಿಗೆ ಸ್ಕ್ರೂ ಮಾಡುವ ದುಂಡು ಪ್ಲಾಸ್ಟಿಕ್ ಡಬ್ಬಿಯದು. ಬಚ್ಚಲಿಗೆ, ಅಟ್ಟಕ್ಕೆ ಇದೇ ಬೇಕು. ಎರಡು, ಫ್ಯಾನು ಮತ್ತು ಅಲಂಕಾರದ ದೀಪದೊಳಗೆ ಕೂರುವ ಪುಟ್ಟ ಸ್ವಿಚ್ಚು. ಅದಕ್ಕೆ ತನ್ನದೇ ಮನೆ ಇಲ್ಲ, ಬೇರೆ ಪೆಟ್ಟಿಗೆಯೊಳಗೆ ಕೂರಿಸಲೇಬೇಕು. ಮೂರು, ಸರಪಳಿ ಸಮೇತದ ಹಿತ್ತಾಳೆ ಹೋಲ್ಡರು. ನೋಡಲು ಚೆಂದ, ಹೋಂಸ್ಟೇ ಮಾಡುವವರಿಗೆ ಬಹಳ ಪ್ರೀತಿ. ಒಣಗಿದ ಹಜಾರದಲ್ಲಿ ಇರಲಿ. ಲೋಹದ ಮೈ ಆದ್ದರಿಂದ ಅರ್ತ್ ಕೊಡಲೇಬೇಕು, ಬಚ್ಚಲ ಹತ್ತಿರ ಸುಳಿಯಬಾರದು. ಇದು ಸಾಮಾನ್ಯವಾಗಿ ತಿರುಪು ಬಲ್ಬಿನದು, ನಮ್ಮ ಪಿನ್ ಬಲ್ಬು ಕೂರುವುದಿಲ್ಲ. ವೈರ್ ಕೊಡುವಾಗ ಫೇಸ್ ನಡುವಿನ ಗುಂಡಿಗೆ, ನ್ಯೂಟ್ರಲ್ ತಿರುಪಿನ ಮೈಗೆ. ಅದಲು ಬದಲಾದರೆ ಬಲ್ಬ್ ತಿರುಗಿಸುವಾಗ ಬೆರಳಿಗೆ ಫೇಸೇ ಸಿಗುತ್ತದೆ.

ಬರಹ ಓದಿ. ಪುಟ್ಟ ಸ್ವಿಚ್ಚುಗಳ ಮೇಲೆ 6 ಆಂಪಿಯರ್ 125 ವೋಲ್ಟ್, 3 ಆಂಪಿಯರ್ 250 ವೋಲ್ಟ್ ಅಂತ ಎರಡು ಲೆಕ್ಕ ಇರುತ್ತದೆ. ನಮ್ಮದು 230 ವೋಲ್ಟಿನ ನಾಡು, ನಮಗೆ ಲೆಕ್ಕ ಎರಡನೆಯದು, ಅಂದರೆ 3 ಆಂಪಿಯರ್. ದೀಪಕ್ಕೆ ಅದೇ ಧಾರಾಳ: 60 ವ್ಯಾಟಿನ ಹಳೇ ಬಲ್ಬು ಕಾಲು ಆಂಪಿಯರಿಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ, ಎಲ್‌ಇಡಿ ಅದರಲ್ಲೂ ಚೂರು. ಮನೆ ಬಳಕೆಯ ಸ್ವಿಚ್ಚುಗಳಿಗೆ ನಮ್ಮ ದೇಶದ ಗುಣಮಟ್ಟ ಐಎಸ್ 3854. ಆ ಗುರುತು ಇರುವುದು ಸಿಕ್ಕರೆ ಅದನ್ನೇ ಆರಿಸಿ. ಸೋಲಾರ್ ಮನೆದೀಪದ 12 ವೋಲ್ಟಿಗೆ ಈ ಸ್ವಿಚ್ಚು ನಡೆಯುತ್ತದೆ. ಛಾವಣಿಯ ಪ್ಯಾನೆಲ್ಲಿನಿಂದ ಬರುವ ಹೆಚ್ಚು ವೋಲ್ಟಿನ ಡಿ.ಸಿ. ಲೈನಿಗೆ ಖಂಡಿತ ಬೇಡ. ಮೇಲೆ ಹೇಳಿದ ಆರದ ಕಿಡಿ ನೆನಪಿರಲಿ.

ಲೋಹದ ಮಣಿ ಸರಪಳಿಯೋ ನೂಲಿನ ದಾರವೋ ಎಂದು ಕೇಳಿದರೆ ನನ್ನ ಉತ್ತರ ದಾರವೇ. ಸರಪಳಿಗೆ ಕೈಗೆ ತಣ್ಣಗೆ ಹತ್ತುವ ಒಂದು ಸುಖ ಇದೆ, ನಿಜ. ಆದರೆ ಒಳಗೆ ಪ್ಲಾಸ್ಟಿಕ್ ಒಡೆದು ಪಟ್ಟಿ ಸರಪಳಿಗೆ ತಾಗಿದ ದಿನ, ಫೇಸು ನಿಮ್ಮ ಅಂಗೈಗೇ ಇಳಿದು ಬರುತ್ತದೆ. ಸರಪಳಿಯೇ ಬೇಕೆನ್ನುವವರು ಸ್ವಿಚ್ಚಿನಿಂದ ಹೊರಗೆ ಎರಡು ಮೂರು ಇಂಚಿನ ಆಚೆಗೆ ಸರಪಳಿ ಕತ್ತರಿಸಿ, ನಡುವೆ ಒಂದು ಗೇಣು ನೈಲಾನ್ ದಾರ ಕಟ್ಟಿ, ಅದರ ಕೆಳಗೆ ಮತ್ತೆ ಸರಪಳಿ ಸೇರಿಸಿ.

ಹಾಕುವ ದಿನ

ಒಣ ಹವೆಯ ದಿನ ಹಾಕಿಸಿ. ಕಾಫಿ ಕೊಯ್ಲು ಮುಗಿದು ಕೈ ಬಿಡುವಾದ ಮೇಲೆ, ಮುಂಗಾರಿನ ಮೊದಲು, ಸರಿಯಾದ ಕಾಲ. ಲೈನಿಗೆ ಕೈ ಹಾಕುವುದು ವೈರ್‌ಮನ್ ಕೆಲಸ. ಆದರೆ ಪಕ್ಕದಲ್ಲಿ ನಿಂತು ಏನೇನು ಆಗಬೇಕು ಅಂತ ನೋಡುವುದು ನಿಮ್ಮ ಕೆಲಸ.

ಮೇಲೇರಿಸುವ ಮೊದಲು ಸ್ವಿಚ್ಚನ್ನು ಮೇಜಿನ ಮೇಲೇ ಪರೀಕ್ಷೆ ಮಾಡಿ. ಮಲ್ಟಿಮೀಟರನ್ನು ಕೀಂಯ್ ಎನ್ನುವ ಗುರುತಿಗೆ ಇಟ್ಟು ಎರಡು ಟರ್ಮಿನಲ್ಲಿಗೆ ಹಿಡಿದು ಮೂವತ್ತು ಸಲ ಎಳೆಯಿರಿ. ಒಂದು ಬಿಟ್ಟು ಒಂದು ಎಳೆತಕ್ಕೆ ಕೂಗಬೇಕು. ಮೀಟರ್ ಇಲ್ಲದಿದ್ದರೆ ಟಾರ್ಚಿನ ಸೆಲ್ಲು, ಬಲ್ಬು ಸಾಕು. ನಾನು ತರಿಸಿದ ನಾಲ್ಕರಲ್ಲಿ ಒಂದು ಹನ್ನೊಂದನೇ ಎಳೆತಕ್ಕೆ ಮೂಕವಾಯಿತು. ಸೂರಿನ ಮೇಲೆ ಆಗುವ ಬದಲು ಮೇಜಿನ ಮೇಲೆ ಆಯಿತಲ್ಲ ಅಂತ ಸಮಾಧಾನ.

ಮೇನ್ ಇಳಿಸಿ. ಮನೆಗೆ ಯುಪಿಎಸ್ ಇದ್ದರೆ ಅದನ್ನೂ ಆರಿಸಿ ಅದರ ಹೊರಹೋಗುವ ಲೈನ್ ಬಿಡಿಸಿ. ಇದನ್ನು ಮರೆಯುವವರೇ ಹೆಚ್ಚು: ಮೇನ್ ಇಳಿದ ಕೂಡಲೇ ಕರೆಂಟು ಹೋಯಿತೆಂದುಕೊಂಡು ಯುಪಿಎಸ್ ತಾನಾಗಿ ಎದ್ದು, ದೀಪದ ಲೈನಿಗೆ 230 ವೋಲ್ಟು ತುಂಬುತ್ತದೆ. ಏಣಿಯ ಮೇಲಿರುವವನಿಗೆ ಅದು ಗೊತ್ತಾಗುವುದು ಬೆರಳಿನಿಂದ. ಟೆಸ್ಟರನ್ನು ಮೇನ್ ಇಳಿಸುವ ಮೊದಲೇ ಜೀವಂತ ಸಾಕೆಟ್ಟಿನಲ್ಲಿ ಹಿಡಿದು ಅದು ಉರಿಯುತ್ತದೆಯೇ ನೋಡಿ, ಆಮೇಲೆ ಇಳಿಸಿದ ಲೈನಿಗೆ ಹಿಡಿಯಿರಿ. ಸತ್ತ ಟೆಸ್ಟರು ಎಲ್ಲ ವೈರನ್ನೂ ಸತ್ತಿದೆ ಅಂತಲೇ ಹೇಳುತ್ತದೆ.

ಡಬ್ಬಿಯನ್ನು ತೊಲೆಗೋ ಜಂತೆಗೋ ಕೂರಿಸಿ. ಹೆಂಚು ಹೊರುವ ರೀಪಿಗೆ ಬೇಡ. ಗೋಡೆ ಸ್ವಿಚ್ಚನ್ನು ಒಳಮುಖವಾಗಿ ಒತ್ತುತ್ತೇವೆ, ಸ್ಕ್ರೂಗೆ ಭಾರ ಬೀಳುವುದಿಲ್ಲ. ಇಲ್ಲಿ ದಿನಕ್ಕೆ ಹತ್ತು ಸಲ ಸ್ಕ್ರೂವನ್ನೇ ಕೀಳುವ ಹಾಗೆ ಕೆಳಕ್ಕೆ ಜಗ್ಗುತ್ತೇವೆ. ಒಂದೂವರೆ ಇಂಚಿನ ಎರಡು ಸ್ಕ್ರೂ, ಗಟ್ಟಿ ಮರಕ್ಕೆ. ಜಂಗು ಹಿಡಿಯದ ಸ್ಕ್ರೂ ಆದರೆ ಉತ್ತಮ. ತಾರಸಿಯಾದರೆ ಪ್ಲಾಸ್ಟಿಕ್ ಪ್ಲಗ್ ಬಿಗಿಯಾಗಿರಲಿ.

ದಾರ ಡಬ್ಬಿಯ ತೂತಿನಿಂದ ಲಂಬವಾಗಿ ಇಳಿಯಬೇಕು. ಓರೆ ಎಳೆದರೆ ತೂತಿನ ಅಂಚು ದಾರವನ್ನು ಕೊಯ್ಯುತ್ತದೆ, ಒಳಗಿನ ಕೊಕ್ಕೆಯೂ ಓರೆಯಾಗಿ ಸವೆಯುತ್ತದೆ. ಡಬ್ಬಿ ಒಂದು ಕಡೆ, ಎಳೆಯುವ ಜಾಗ ಇನ್ನೊಂದು ಕಡೆ ಎಂದಾದರೆ ಡಬ್ಬಿಯ ನೇರ ಕೆಳಗೆ ಒಂದು ಉಂಗುರದ ಸ್ಕ್ರೂ ಹಾಕಿ, ದಾರ ಮೊದಲು ಅದರೊಳಗೆ ಹೋಗಿ ಆಮೇಲೆ ತಿರುಗಲಿ.

ವೈರಿನ ಕ್ರಮ: ಫೇಸ್ ಸ್ವಿಚ್ಚಿನ ಮೂಲಕ ದೀಪಕ್ಕೆ, ನ್ಯೂಟ್ರಲ್ ನೇರ ದೀಪಕ್ಕೆ. 1.5 ಚದರ ಮಿಲಿಮೀಟರಿನ ತಾಮ್ರದ ವೈರು. ನ್ಯೂಟ್ರಲ್ಲನ್ನು ಸ್ವಿಚ್ಚಿಗೆ ಕೊಟ್ಟರೂ ದೀಪ ಹತ್ತುತ್ತದೆ, ಆರುತ್ತದೆ, ನೋಡಿದರೆ ಎಲ್ಲ ಸರಿಯೇ. ಆದರೆ ಆರಿದ ದೀಪದ ಹೋಲ್ಡರಿನಲ್ಲಿ ಫೇಸು ಕಾದು ಕೂತಿರುತ್ತದೆ. ಮರದ ಪಟ್ಟಿಯ ಮೇಲೆ ಹಾಯುವ ಹಳೇ ಬ್ಯಾಟನ್ ವೈರಿಂಗಿನಲ್ಲಿ ಎರಡೂ ವೈರಿನ ಬಣ್ಣ ಮಸಿಯಾಗಿ ಒಂದೇ ಆಗಿರುವುದರಿಂದ ಬಣ್ಣ ನಂಬಬೇಡಿ, ಟೆಸ್ಟರನ್ನು ನಂಬಿ. ಟೂ-ವೇ ಆದರೆ ಮೂರು ಟರ್ಮಿನಲ್ ಇರುತ್ತವೆ, ಅವುಗಳಲ್ಲಿ ಒಂದು ಕಾಮನ್. ಬಾಗಿಲ ಸ್ವಿಚ್ಚಿನ ಕಾಮನ್ನಿಗೆ ಫೇಸ್, ಹಾಸಿಗೆಯ ಸ್ವಿಚ್ಚಿನ ಕಾಮನ್ನಿನಿಂದ ದೀಪಕ್ಕೆ, ಉಳಿದ ಎರಡೆರಡು ಒಂದಕ್ಕೊಂದು.

ದಾರದ ವಿಷಯ

ಇದನ್ನು ಯಾರೂ ಯೋಚಿಸುವುದಿಲ್ಲ. ದುಡ್ಡು ಕೊಟ್ಟು ಸ್ವಿಚ್ಚು ತಂದವರು ದಾರದ ಜಾಗಕ್ಕೆ ಮನೆಯಲ್ಲಿ ಸಿಕ್ಕಿದ್ದನ್ನು ಕಟ್ಟುತ್ತಾರೆ. ನಾನೂ ಮೊದಲ ಸಲ ಹತ್ತಿ ಲಾಡಿ ಕಟ್ಟಿದ್ದೆ. ಆಷಾಢಕ್ಕೆ ಅದು ತೇವ ಹೀರಿ, ಸೋಪು, ಮಸಿ, ಬೂಷ್ಟು ಎಲ್ಲ ಸೇರಿ ಬಾವಲಿ ರೆಕ್ಕೆಯ ಬಣ್ಣಕ್ಕೆ ಬಂತು. ಅಮ್ಮ ಅದನ್ನು ಮುಟ್ಟುವುದಿಲ್ಲ ಅಂತ ಹಠ ಹಿಡಿದು ಮತ್ತೆ ಕಾಫಿ ಕಡ್ಡಿ ತಂದು ಅದರಿಂದ ದಾರವನ್ನು ಕೊಕ್ಕೆ ಹಾಕಿ ಎಳೆಯತೊಡಗಿದರು. ಹೀಗೆ ಎಳೆದು ಎಳೆದು ಒಂದು ಸಂಜೆ ದಾರ ತುಂಡಾಗಿ ಮೇಲಿನ ತುದಿ ಡಬ್ಬಿಯೊಳಗೆ ಮಾಯವಾಯಿತು. ಅಸಹ್ಯ ಒಂದೇ ಅಲ್ಲ: ಸೋಪಿನ ನೀರು ಕುಡಿದ ಹತ್ತಿ ದಾರ ಕರೆಂಟಿಗೆ ಪೂರ್ತಿ ಅಡ್ಡಿಯಲ್ಲ, ಅಮ್ಮನ ಹಠದಲ್ಲಿ ಹುರುಳಿತ್ತು. ತೆಂಗಿನ ನಾರಿನ ಹುರಿಯೂ ಅದೇ ಜಾತಿ.

ಹೆಣೆದ ನೈಲಾನ್ ದಾರ, ಎರಡರಿಂದ ಮೂರು ಮಿಲಿಮೀಟರ್ ದಪ್ಪದ್ದು, ಹತ್ತಿಯಷ್ಟು ನೀರು ಹಿಡಿಯುವುದಿಲ್ಲ, ಒಗೆದರೆ ಬಿಳಿಯಾಗುತ್ತದೆ. ಮೀನಿನ ಗಾಳದ ದಾರ ಬೆರಳು ಕೊಯ್ಯುತ್ತದೆ, ಗಂಟೂ ಜಾರುತ್ತದೆ. ಬಟ್ಟೆ ಒಣಹಾಕುವ ಹಗ್ಗ ತೂತಿಗೆ ತೂರುವುದಿಲ್ಲ. ನೈಲಾನಿನ ಒಂದೇ ಕೊರತೆ ಬೆಂಕಿ; ಹಂಡೆ ಒಲೆಯ ಬಾಯಿಯ ಕಡೆಗೆ ಗಾಳಿಗೆ ತೂರಾಡುವಷ್ಟು ಉದ್ದ ಬಿಡಬೇಡಿ. ಕತ್ತರಿಸಿದ ತುದಿಗೆ ಕಡ್ಡಿ ಗೀರಿ ಸ್ವಲ್ಪ ಕರಗಿಸಿದರೆ ಎಳೆ ಬಿಚ್ಚಿಕೊಳ್ಳುವುದಿಲ್ಲ.

ಡಬ್ಬಿಯಿಂದ ಬರುವ ಮೂಲ ದಾರಕ್ಕೆ ನೇರವಾಗಿ ಗಂಟು ಹಾಕುವ ಬದಲು, ಎರಡು ಹೋಳಾಗಿ ಬಿಚ್ಚುವ ಮಣಿಯ ಆಕಾರದ ಪ್ಲಾಸ್ಟಿಕ್ ಕೊಂಡಿ ಸಿಗುತ್ತದೆ, ಅದನ್ನು ನಡುವೆ ಹಾಕಿ. ಕೆಳಗಿನ ದಾರ ಕೊಳೆಯಾದಾಗ ಕೊಂಡಿ ಬಿಚ್ಚಿ ಬೇರೆ ಹಾಕಬಹುದು, ಸ್ವಿಚ್ಚಿನ ತಂಟೆಗೇ ಹೋಗಬೇಕಿಲ್ಲ. ಯಾರಾದರೂ ಜೋಲಿ ಹೊಡೆದಾಗ ಮೊದಲು ಬಿಡುವುದೂ ಆ ಕೊಂಡಿ, ಸ್ವಿಚ್ಚು ಉಳಿಯುತ್ತದೆ.

ದಾರದ ತುದಿಯ ಎತ್ತರ, ಮನೆಯಲ್ಲಿ ಎಲ್ಲರಿಗಿಂತ ಕುಳ್ಳಗಿರುವವರ ಭುಜಕ್ಕೆ ಸರಿಯಾಗಿ, ಸಾಮಾನ್ಯವಾಗಿ ನೆಲದಿಂದ ನಾಲ್ಕಡಿ. ತುದಿಗೆ ತೂಕದ ಗುಂಡು ಬೇಕು. ತೂಕವಿಲ್ಲದ ದಾರ ಗಾಳಿಗೆ ಸುತ್ತಿಕೊಂಡು ಜಂತೆಯ ಮೇಲೆ ಹೋಗಿ ಕೂರುತ್ತದೆ. ನಮ್ಮಲ್ಲಿ ಹಳೇ ಕಾಫಿ ಗಿಡ ಕಿತ್ತಾಗ ಸಿಕ್ಕಿದ ಕಾಂಡದ ತುಂಡನ್ನು ಕೆತ್ತಿ, ತೂತು ಕೊರೆದು, ಎಣ್ಣೆ ಹಚ್ಚಿ ಗುಂಡು ಮಾಡಿಕೊಂಡಿದ್ದೇವೆ. ಗಟ್ಟಿ ಮರ, ಸಣ್ಣ ರಚನೆ, ಕೈಗೆ ನುಣ್ಣಗೆ. ಅಮ್ಮ ಅದನ್ನು ಇವತ್ತಿಗೂ ‘ಕಡ್ಡಿ’ ಅಂತಲೇ ಕರೆಯುತ್ತಾರೆ. ಕತ್ತಲಲ್ಲಿ ಕಾಣಲು ಹೊಳೆಯುವ ರೇಡಿಯಂ ಪಟ್ಟಿ ಒಂದು ಸುತ್ತು ಸುತ್ತಿ.

ಕೊಟ್ಟಿಗೆಗೆ ಬಸ್ಸಿನ ಗಂಟೆ

ಹಳೇ ಸರ್ಕಾರಿ ಬಸ್ಸುಗಳಲ್ಲಿ ಕಂಡಕ್ಟರು ಎಲ್ಲಿ ನಿಂತಿದ್ದರೂ ತಲೆಯ ಮೇಲಿನ ಹಗ್ಗ ಎಳೆದು ಟಿಂಗ್ ಅನ್ನಿಸುತ್ತಿದ್ದರಲ್ಲ, ಅದನ್ನೇ ಉದ್ದದ ಕೊಟ್ಟಿಗೆಗೆ ಹಾಕಬಹುದು. ಡಬ್ಬಿಯನ್ನು ಅಡ್ಡ ಮಲಗಿಸಿ, ದಾರವನ್ನು ಉಂಗುರಗಳಲ್ಲಿ ತೂರಿಸಿ, ಆಚೆ ತುದಿಗೆ ಕಟ್ಟಿ. ಹಾಲಿನ ತಂಬಿಗೆ ಹಿಡಿದವರು ದಾರವನ್ನು ಎಲ್ಲಿ ಬೇಕಾದರೂ ಕೆಳಕ್ಕೆ ಒತ್ತಿದರೆ ಸಾಕು.

ಒಂದು ಲೆಕ್ಕ ಮಾತ್ರ ನೆನಪಿಡಿ. ಹತ್ತಡಿ ಅಂತರದ ಎರಡು ಉಂಗುರಗಳ ನಡುವೆ ಬಿಗಿದ ದಾರವನ್ನು ಮಧ್ಯದಲ್ಲಿ ಅರ್ಧ ಅಡಿ ಕೆಳಕ್ಕೆ ಎಳೆದರೆ ಸ್ವಿಚ್ಚಿನ ಕಡೆಗೆ ಸಿಗುವುದು ಸುಮಾರು ಒಂದೂವರೆ ಸೆಂಟಿಮೀಟರ್ ಎಳೆತ. ನನ್ನ ಬಳಿ ಇರುವ ಸ್ವಿಚ್ಚುಗಳಿಗೆ ಅಷ್ಟು ಸಾಕು. ಆದರೆ ಬಿಗಿದ ದಾರವನ್ನು ಅಡ್ಡಕ್ಕೆ ಜಗ್ಗಿದಾಗ ಬಲ ಹಲವು ಪಟ್ಟಾಗುತ್ತದೆ. ಹಸು ಕೊಂಬು ಸಿಕ್ಕಿಸಿ ತಲೆ ಕೊಡವಿದರೆ ಚಕ್ರದ ಹಲ್ಲೇ ಉದುರುತ್ತದೆ. ಆಚೆ ತುದಿಗೆ ಮೊಳೆಯ ಬದಲು ಒಂದು ಗಡಸು ಸ್ಪ್ರಿಂಗು ಕಟ್ಟಿ. ಮೆತ್ತನೆಯದಾದರೆ ಎಳೆತವನ್ನೆಲ್ಲ ತಾನೇ ನುಂಗುತ್ತದೆ, ಸ್ವಿಚ್ಚಿನ ಸ್ಪ್ರಿಂಗಿಗಿಂತ ಗಡಸಾಗಿರಬೇಕು. ದಾರವನ್ನು ಕೊಂಬಿಗೆ ಎಟುಕದ ಎತ್ತರಕ್ಕೆ ಕಟ್ಟುವುದು ಹೇಗೂ ಇದ್ದದ್ದೇ.

ಕರೆಂಟ್ ಹೋದಾಗಿನ ಫಜೀತಿ

ಈ ಸ್ವಿಚ್ಚಿನ ನಿಜವಾದ ದೋಷ ಇಲ್ಲಿದೆ, ಅದೂ ನಮ್ಮಂಥ ಊರಿಗೇ ಹೇಳಿ ಮಾಡಿಸಿದ ದೋಷ. ಗೋಡೆ ಸ್ವಿಚ್ಚನ್ನು ನೋಡಿದರೆ ಕೆಳಗಿದೆಯೋ ಮೇಲಿದೆಯೋ ತಿಳಿಯುತ್ತದೆ. ದಾರ ಆನ್‌ನಲ್ಲೂ ಆಫ್‌ನಲ್ಲೂ ಒಂದೇ ಥರ ನೇತಾಡುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗಿರುತ್ತದೆ. ಒಬ್ಬರು ಅಟ್ಟಕ್ಕೆ ಹೋಗಿ ಒಮ್ಮೆ ಎಳೆಯುತ್ತಾರೆ. ಬೆಳಕಿಲ್ಲ, ಇನ್ನೊಮ್ಮೆ ಎಳೆಯುತ್ತಾರೆ. ಅನುಮಾನಕ್ಕೆ ಮೂರನೇ ಸಲ. ಎರಡು ದಿನ ಬಿಟ್ಟು ರಾತ್ರಿ ಎರಡು ಗಂಟೆಗೆ ಕರೆಂಟು ಬಂದಾಗ ಯಾರೂ ಇಲ್ಲದ ಅಟ್ಟ ಝಗ್ಗನೆ ಬೆಳಗುತ್ತದೆ, ನಾಯಿ ಬೊಗಳುತ್ತದೆ, ಮನೆಯವರೆಲ್ಲ ಕಳ್ಳ ಬಂದ ಅಂತ ಏಳುತ್ತಾರೆ.

ಇಂಗ್ಲೆಂಡಿನಲ್ಲಿ ಸ್ನಾನದ ಹೀಟರಿಗೆ ಹಾಕುವ 45 ಆಂಪಿಯರಿನ ದೊಡ್ಡ ದಾರದ ಸ್ವಿಚ್ಚುಗಳಲ್ಲಿ ಒಂದು ಪುಟ್ಟ ಕಿಟಕಿ ಇರುತ್ತದೆ. ಆನ್ ಆದಾಗ ಒಳಗಿನ ಬಣ್ಣದ ಪಟ್ಟಿ ಜರುಗಿ ಕಾಣುತ್ತದೆ. ಕರೆಂಟು ಇಲ್ಲದಿದ್ದರೂ ಅದು ಸುಳ್ಳು ಹೇಳುವುದಿಲ್ಲ. ದೀಪದ ಸಣ್ಣ ಸ್ವಿಚ್ಚುಗಳಲ್ಲಿ ಈ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಕೆಲವದರಲ್ಲಿ ನಿಯಾನ್ ಗುಬ್ಬಿದೀಪ ಇದೆ. ಅದು ಕರೆಂಟಿದ್ದಾಗಷ್ಟೇ ಮಾತಾಡುತ್ತದೆ. ಸ್ವಿಚ್ಚಿಗೆ ಅಡ್ಡವಾಗಿ ನಿಯಾನ್ ಇರುವುದನ್ನು ಹಾಕಿದರೆ, ಆರಿದ ಎಲ್‌ಇಡಿ ಮಿಣಮಿಣ ಅನ್ನುವ ಇನ್ನೊಂದು ಕಿರಿಕಿರಿ. ಆ ನಿಯಾನಿನೊಳಗೆ ನುಸುಳುವ ಚೂರು ಕರೆಂಟೇ ಎಲ್‌ಇಡಿಗೆ ಸಾಕಾಗುತ್ತದೆ. ಭೂತಚೇಷ್ಟೆ ಅಂತ ಒಂದಿಬ್ಬರು ನನ್ನನ್ನು ಕರೆಸಿದ್ದುಂಟು.

ನಾನು ಮಾಡಿಕೊಂಡ ಉಪಾಯ ಸಾದಾ. ಅಟ್ಟ, ಗೋಡೌನು, ಬಚ್ಚಲು ಈ ಮೂರರ ಲೈನಿಗೂ ಹಜಾರದ ಒಣ ಬೋರ್ಡಿನಲ್ಲಿ ಒಂದೊಂದು ಸಾಮಾನ್ಯ ಸ್ವಿಚ್ಚು. ಹಗಲೆಲ್ಲ ಅವು ಆನ್. ಮಲಗುವ ಮುನ್ನ ಅಟ್ಟದ್ದು, ಗೋಡೌನಿನದು ಆಫ್. ದಾರವನ್ನು ಯಾರು ಎಷ್ಟು ಸಲ ಎಳೆದಿದ್ದರೂ ರಾತ್ರಿಯ ನಿದ್ದೆಗೆ ತೊಂದರೆಯಿಲ್ಲ. ಬಚ್ಚಲಿನದನ್ನು ಮಾತ್ರ ಆಫ್ ಮಾಡುವುದಿಲ್ಲ, ನಡುರಾತ್ರಿ ಏಳುವವರಿಗೆ ಬೇಕು.

ಕೆಟ್ಟರೆ

ಟಿಕ್ ಅನ್ನುತ್ತದೆ, ದೀಪವಿಲ್ಲ: ಮೊದಲು ಬಲ್ಬು ಬದಲಿಸಿ ನೋಡಿ. ಆಮೇಲೂ ಇಲ್ಲವೆಂದರೆ ಪಟ್ಟಿ ಸುಟ್ಟಿದೆ, ಸ್ವಿಚ್ಚು ಬದಲಿಸಿ. ಚರ್ರ್ ಎನ್ನುವ ಸದ್ದು, ಸುಟ್ಟ ವಾಸನೆ ಬಂದರೆ ಅವತ್ತೇ ಮೇನ್ ಇಳಿಸಿ. ಅದಕ್ಕೆ ರಿಪೇರಿ ಇಲ್ಲ.

ದಾರ ಕೆಳಗೆ ಬಂದು ವಾಪಸು ಹೋಗುವುದಿಲ್ಲ: ಎರಡು ಕಾರಣ. ಒಳಗಿನ ಸ್ಪ್ರಿಂಗು ಮುರಿದಿರಬಹುದು. ಇಲ್ಲವೇ, ನಮ್ಮ ಕಡೆ ಇದೇ ಹೆಚ್ಚು, ಕುಂಬಾರ ಹುಳ ದಾರದ ತೂತಿಗೆ ಮಣ್ಣು ಮೆತ್ತಿ ಗೂಡು ಕಟ್ಟಿರುತ್ತದೆ. ಒಂದು ತಿಂಗಳು ಮನೆ ಬೀಗ ಹಾಕಿ ಹೋದರೆ ಸಾಕು ಅದಕ್ಕೆ. ಮೇನ್ ಇಳಿಸಿ, ಒಣಗಿದ ಬ್ರಷ್ಷಿನಿಂದ ಉದುರಿಸಿ. ನೀರು, ಎಣ್ಣೆ ಹಾಕಬೇಡಿ. ಎಣ್ಣೆಗೆ ಧೂಳು ಅಂಟಿ ಇನ್ನೂ ಗಟ್ಟಿಯಾಗುತ್ತದೆ.

ದಾರವೇ ಡಬ್ಬಿಯೊಳಗೆ ತುಂಡಾಗಿದ್ದರೆ ಬಿಚ್ಚಿ ಹೊಸದು ಕಟ್ಟಬಹುದು. ಮೇನ್, ಯುಪಿಎಸ್ ಎರಡೂ ಇಳಿಸಿ, ವೈರ್ ಬಿಡಿಸಿ, ಡಬ್ಬಿಯನ್ನು ಕೆಳಗೆ ತನ್ನಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ, ಮುಚ್ಚಳ ತೆಗೆದ ಕ್ಷಣ ಇನ್ನೊಂದು. ಡಬ್ಬಿಯನ್ನೂ ಎರಡೂ ಕೈಯನ್ನೂ ಪಾರದರ್ಶಕ ಪ್ಲಾಸ್ಟಿಕ್ ಕವರಿನೊಳಗಿಟ್ಟು ಮುಚ್ಚಳ ತೆಗೆಯಿರಿ, ಸ್ಪ್ರಿಂಗು ಹಾರಿದರೂ ಕವರಿನಲ್ಲೇ ಬೀಳುತ್ತದೆ. ಹಳೇ ಗಂಟು ಕೂತಿದ್ದ ಕುಳಿಯಲ್ಲೇ ಹೊಸ ಗಂಟು ಕೂರಬೇಕು. ಎರಡು ಸುತ್ತಿನ ಗಂಟು ಹಾಕಿ ತುದಿ ಕರಗಿಸಿ. ಮುಚ್ಚಿದ ಮೇಲೆ ಮತ್ತೆ ಮೇಜಿನ ಮೇಲೆ ಮೂವತ್ತು ಎಳೆತ. ನನ್ನ ಮೊದಲ ಸ್ವಿಚ್ಚಿನ ಸ್ಪ್ರಿಂಗು ಕವರಿಲ್ಲದೆ ಬಿಚ್ಚಿದ್ದರಿಂದ ಹಾರಿ ಕಣದಲ್ಲಿ ಹರವಿದ್ದ ಚೆರ‍್ರಿ ಕಾಫಿಯೊಳಗೆ ಬಿತ್ತು. ಮೂರು ದಿನ ಕಾಫಿ ಕೆದಕುವಾಗೆಲ್ಲ ಹುಡುಕಿದೆ, ಸಿಗಲಿಲ್ಲ.